ಅಂತ್ಯಪ್ರಾಸ ಯಾರಪ್ಪನ ಮನೆಯದು?

ಹೊಸಗನ್ನಡ ಕಾವ್ಯದ ಪಾಠ ಶುರುವಾದರೆ ಒಂದು ಮಾತು ತಪ್ಪದೆ ಬರುತ್ತದೆ: ಆದಿಪ್ರಾಸ ನಮ್ಮದು, ಅಂತ್ಯಪ್ರಾಸ ಇಂಗ್ಲಿಷಿನ ಕೊಡುಗೆ. ಪರೀಕ್ಷೆಯ ನೋಟ್ಸುಗಳಲ್ಲೂ ಇದೇ. ಈ ಮಾತು ಎರಡೂ ಕಡೆ ಸೋರುತ್ತದೆ.

ಮೊದಲು ಇಂಗ್ಲಿಷನ್ನೇ ನೋಡೋಣ. ‘ಬೇವುಲ್ಫ್’ನಲ್ಲಿ ಅಂತ್ಯಪ್ರಾಸದ ನಿಯಮವಿಲ್ಲ, ಒತ್ತು ಬೀಳುವ ಪದಗಳ ಮೊದಲ ಧ್ವನಿ ಹೊಂದಿಕೊಂಡು ಅರ್ಧಸಾಲನ್ನು ಇನ್ನರ್ಧಕ್ಕೆ ಕಟ್ಟುತ್ತದೆ. 10ನೇ ಶತಮಾನದ ಎಕ್ಸೆಟರ್ ಹಸ್ತಪ್ರತಿಯಲ್ಲಿ ಪ್ರಾಸವೇ ತುಂಬಿದ ಕವಿತೆಯೊಂದಿದೆ ನಿಜ, ಆದರೆ ಅದು ಅಪವಾದ. ಲ್ಯಾಟಿನ್ ಸ್ತೋತ್ರಗಳನ್ನು ಕೇಳಿದ ಕಿವಿ, 1066ರಲ್ಲಿ ನಾರ್ಮನ್ನರು ಬಂದ ಮೇಲೆ ಫ್ರೆಂಚ್ ಕಾವ್ಯದ ಒಡನಾಟ, ಇವೆರಡೂ ಸೇರಿ ಅಂತ್ಯಪ್ರಾಸ ಅಲ್ಲಿ ನೆಲೆಯೂರಿತು. ಕೊಟ್ಟವರೆಂದು ನಾವು ಹೊಗಳುವವರೇ ಕಡ ತಂದವರು!

ಇನ್ನು ನಮ್ಮ ಕಡೆ. ದ್ವಿತೀಯಾಕ್ಷರ ಪ್ರಾಸ ನಮ್ಮ ಹಳೆಯ ಆಸ್ತಿ. ನಾಗವರ್ಮನ ‘ಛಂದೋಂಬುಧಿ’ ಅದನ್ನು ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಬಗೆ ಮಾಡಿತು. ಆದರೆ ಆಸ್ತಿ ಅದೊಂದೇ ಅಲ್ಲ. ಹರಿಹರನ ರಗಳೆಗಳಲ್ಲಿ ಎರಡೆರಡು ಸಾಲು ಕೊನೆಯಲ್ಲಿ ಕೈಹಿಡಿಯುತ್ತವೆ. ಇಂಗ್ಲೆಂಡಿನಲ್ಲಿ ‘ಗೂಬೆ ಮತ್ತು ನೈಟಿಂಗೇಲ್’ ಕಾವ್ಯ ಜೋಡಿಸಾಲುಗಳಲ್ಲಿ ಪ್ರಾಸ ಹೊಸೆದದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ರಗಳೆಗೂ ಅಪಭ್ರಂಶದ ಅಂತ್ಯಪ್ರಾಸದ ಛಂದಸ್ಸಿಗೂ ನಂಟಿದೆ. ಹಾಗಾಗಿ ‘ನಾವೇ ಮೊದಲು’ ಎಂದು ಎದೆತಟ್ಟಿಕೊಳ್ಳುವುದೂ ಬೇಡ.

ತಪ್ಪು ತಿಳಿವಳಿಕೆ ಬಂದದ್ದೆಲ್ಲಿಂದ? 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಪ್ರಾಸ ಬಿಟ್ಟರು. ಅವರು ಬಿಟ್ಟದ್ದು ಆದಿಪ್ರಾಸವನ್ನು. 1926ರಲ್ಲಿ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಬಂತು. ಒಂದು ಹೋಗಿ ಇನ್ನೊಂದು ಬಂತೆಂದು ಲೆಕ್ಕ ಹಾಕಿದೆವು. ಸಾನೆಟ್ಟಿನಂಥ ಪ್ರಾಸವಿನ್ಯಾಸ ಇಂಗ್ಲಿಷಿನ ಮೂಲಕ ಬಂತು, ಒಪ್ಪೋಣ. ವಿನ್ಯಾಸ ಬಂತೆಂದರೆ ಪ್ರಾಸವೇ ಬಂತೆಂದಲ್ಲ.

ಇದು ಬರೀ ಛಂದಸ್ಸಿನ ಜಗಳವಲ್ಲ. ನಮ್ಮ ಸಿಂಗಟಾಲೂರಿನ ಕಡೆ ಮದುವೆಯಲ್ಲಿ ಗಂಡನ ಹೆಸರು ಹೇಳೆಂದರೆ ಹುಡುಗಿ ಒಡಪು ಹಾಕುತ್ತಾಳೆ. ಹೆಸರಿಗೆ ಹೊಂದುವ ಪ್ರಾಸ ಸಾಲಿನ ತುದಿಗೇ ಬಂದು ಕೂರುತ್ತದೆ, ಚಪ್ಪರವೆಲ್ಲ ನಗುತ್ತದೆ. ಅದೇ ಹುಡುಗಿ ಕಾಲೇಜಿಗೆ ಬಂದು, ಅಂತ್ಯಪ್ರಾಸ ಇಂಗ್ಲಿಷರು ಕಲಿಸಿದ್ದೆಂದು ಬರೆದು ಅಂಕ ಗಳಿಸಬೇಕು. ಅವಳ ಅವ್ವ, ಆಯಿ ಕಟ್ಟಿದ ಮಾತೆಲ್ಲ ಆ ಒಂದು ಉತ್ತರದಲ್ಲಿ ಸಾಹಿತ್ಯದಿಂದ ಹೊರಗಾಗುತ್ತದೆ.

ಆ ಉತ್ತರಕ್ಕೆ ಅಂಕ ಕೊಡುವುದನ್ನು ನಿಲ್ಲಿಸೋಣ.