ಬೇಸಿಗೆಗೆ ಮನೆಯ ಗಡಿಯಾರವೂ ಬದಲಾಗಲಿ

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳೊಂದಿಗೆ ನಮ್ಮ ಬಾಗಲಕೋಟೆ ಹಾಗೂ ನೆರೆಯ ವಿಜಯಪುರ ಜಿಲ್ಲೆಗಳ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ಪದ್ಧತಿ ಸದ್ಭಕ್ತರೆಲ್ಲರಿಗೂ ತಿಳಿದದ್ದೇ. ಬೆಂಗಳೂರಿನಲ್ಲಿ ಕುಳಿತವರಿಗೂ ನಮ್ಮ ಬಿಸಿಲು ಅರ್ಥವಾಗಿದೆ ಎಂದಾಯಿತು. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಎಷ್ಟು ಮನೆಗಳು, ಎಷ್ಟು ಹೊಲಗಳು, ಎಷ್ಟು ಮಗ್ಗದ ಶೆಡ್ಡುಗಳು ತಮ್ಮ ಗಡಿಯಾರವನ್ನು ಹೀಗೆ ಬದಲಿಸಿಕೊಂಡಿವೆ? ಕಚೇರಿಯಿಂದ ಒಂದೂವರೆಗೆ ಮನೆಗೆ ಬಂದ ನೌಕರನೇ ಎರಡು ಗಂಟೆಯ ಬಿಸಿಲಿನಲ್ಲಿ ಮೋಟಾರ್ ಸೈಕಲ್ ಏರಿ ಪೇಟೆಗೆ ಹೊರಡುವುದನ್ನು ನಾವು ನೋಡುತ್ತಲೇ ಇದ್ದೇವೆ.

ಪ್ರತಿ ಬೇಸಿಗೆಯಲ್ಲಿಯೂ ಆರೋಗ್ಯದ ಪುಟಗಳಲ್ಲಿ ನೀರು, ಮಜ್ಜಿಗೆ, ಕೊಡೆಗಳ ಮಾತು ಬರುವುದು ವಾಡಿಕೆ. ಅವು ಬೇಕಾದವೇ. ಆದರೆ ಇಷ್ಟು ವರ್ಷಗಳ ವೈದ್ಯವೃತ್ತಿಯಲ್ಲಿ ನಾವು ಕಂಡುಕೊಂಡದ್ದೇನೆಂದರೆ, ಬೇಸಿಗೆಯಲ್ಲಿ ಮನುಷ್ಯನನ್ನು ಕುಗ್ಗಿಸುವುದು ಬಿಸಿಲೊಂದೇ ಅಲ್ಲ. ಮಧ್ಯಾಹ್ನ 12ರಿಂದ 4ರವರೆಗಿನ ಆ ಉದ್ದನೆಯ, ಮಾತಿಲ್ಲದ, ಖಾಲಿ ಹೊತ್ತು ಕೂಡ ಕುಗ್ಗಿಸುತ್ತದೆ. ಒಬ್ಬರು ಫ್ಯಾನಿನ ಕೆಳಗೆ ಮೊಬೈಲ್ ಹಿಡಿದು ಮಲಗಿರುತ್ತಾರೆ, ಇನ್ನೊಬ್ಬರು ಟಿ.ವಿ. ಮುಂದೆ, ಅಜ್ಜ ಪಡಸಾಲೆಯಲ್ಲಿ ಒಬ್ಬನೇ, ಮನೆಯೊಡತಿ ಒಲೆಯ ಮುಂದೆ ಬೆವರುತ್ತ. ಸಂಜೆಗೆ ಎಲ್ಲರ ಮುಖದಲ್ಲಿಯೂ ಸಿಡುಕು. 'ಮೈಯಾಗ ಉಷ್ಣ ಆಗೇದ' ಎಂದು ಬರುವವರಿಗೆ ನಾವು ಚೂರ್ಣ ಕೊಡುತ್ತೇವೆ ನಿಜ. ಆದರೆ ಆ ಉಷ್ಣದ ಅರ್ಧ ಪಾಲು ಮನೆಯ ದಿನಚರಿಯಲ್ಲಿಯೇ ಇರುತ್ತದೆ.

ಆಯುರ್ವೇದವು ವರ್ಷವನ್ನು ಆದಾನಕಾಲ, ವಿಸರ್ಗಕಾಲ ಎಂದು ಎರಡು ಭಾಗ ಮಾಡುತ್ತದೆ. ಶಿಶಿರ, ವಸಂತ, ಗ್ರೀಷ್ಮಗಳು ಸೂರ್ಯನು ಪ್ರಾಣಿಗಳ ಬಲವನ್ನು ಹೀರುವ ಆದಾನಕಾಲ. ಅದರ ಕೊನೆಯಾದ ಗ್ರೀಷ್ಮದಲ್ಲಿ ದೇಹಬಲ ಅತ್ಯಂತ ಕ್ಷೀಣ, ವಾತದ ಸಂಚಯ ಆರಂಭ. ಆದ್ದರಿಂದ ವ್ಯಾಯಾಮ ಕಡಿಮೆ ಮಾಡಬೇಕು, ಖಾರ, ಹುಳಿ, ಉಪ್ಪು ತಗ್ಗಿಸಬೇಕು, ಸಿಹಿಯಾದ, ಹಗುರಾದ, ದ್ರವರೂಪದ, ತಂಪು ಗುಣದ ಆಹಾರ ಬೇಕು. ಗ್ರಂಥಗಳು ಜ್ಯೇಷ್ಠ-ಆಷಾಢಗಳನ್ನು ಗ್ರೀಷ್ಮವೆಂದು ಎಣಿಸಿದರೂ ನಮ್ಮ ಕೃಷ್ಣಾ-ಘಟಪ್ರಭಾ ಸೀಮೆಯಲ್ಲಿ ಹೋಳಿಹುಣ್ಣಿಮೆ ಕಳೆಯುತ್ತಲೇ ಝಳ ಮೊದಲಾಗುತ್ತದೆ. ಯುಗಾದಿ, ಬಸವ ಜಯಂತಿಗಳನ್ನು ದಾಟಿ ರೋಹಿಣಿ, ಮೃಗಶಿರ ಮಳೆ ಬೀಳುವವರೆಗೂ ಅದು ಬಿಡುವುದಿಲ್ಲ. ಋತುಚರ್ಯೆಗೆ ಪಂಚಾಂಗಕ್ಕಿಂತ ಅಂಗಳವನ್ನೇ ನೋಡಬೇಕು.

ಇಲ್ಲಿಯವರೆಗಿನದು ಅನೇಕರಿಗೆ ಗೊತ್ತು. ಗೊತ್ತಿಲ್ಲದ ಒಂದು ಮಾತಿದೆ. ಅಷ್ಟಾಂಗಹೃದಯದ ಋತುಚರ್ಯಾಧ್ಯಾಯದಲ್ಲಿ ವಾಗ್ಭಟಾಚಾರ್ಯರು ಗ್ರೀಷ್ಮದ ದಣಿವನ್ನು ನೀಗುವ ಸಾಧನಗಳನ್ನು ಹೇಳುವಾಗ ಚಂದನ, ಬೀಸಣಿಗೆ, ತಂಪು ನೀರುಗಳೊಂದಿಗೆ ಮುದ್ದಾಗಿ ತೊದಲು ನುಡಿಯುವ ಮಕ್ಕಳನ್ನೂ ಸೇರಿಸಿದ್ದಾರೆ. ಮನೆಯ ಮಗುವಿನ ಮಾತು ಔಷಧಗಳ ಸಾಲಿನಲ್ಲಿದೆ! ಚರಕ ಸಂಹಿತೆಯ ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ ಯಾವುದರಲ್ಲಿ ಯಾವುದು ಮೊದಲು ಎಂಬ ಉದ್ದನೆಯ ಪಟ್ಟಿಯೊಂದಿದೆ. ಅದರಂತೆ ದಣಿವು ಕಳೆಯುವವುಗಳಲ್ಲಿ ಸ್ನಾನ, ತೃಪ್ತಿ ಕೊಡುವವುಗಳಲ್ಲಿ ಹರ್ಷ, ರೋಗವನ್ನು ಬೆಳೆಸುವವುಗಳಲ್ಲಿ ವಿಷಾದ ಮೊದಲನೆಯದು. ದೇಹವನ್ನು ಒಣಗಿಸುವವುಗಳಲ್ಲಿ ಮೊದಲ ಸ್ಥಾನ ಯಾವುದಕ್ಕೆ? ಬಿಸಿಲಿಗಲ್ಲ, ಉಪವಾಸಕ್ಕಲ್ಲ, ಶೋಕಕ್ಕೆ. ಬಿಸಿಲು ಒಣಗಿಸುವ ಕಾಲದಲ್ಲಿ ಮನಸ್ಸಿನ ಒಣಗುವಿಕೆಯೂ ಜೊತೆಗೂಡಿದರೆ ಏನಾಗುವುದೆಂದು ಊಹಿಸಬಹುದು. ಸಿಟ್ಟಿನ ವಿಚಾರ ಬೇರೆ ಹೇಳಬೇಕಾಗಿಲ್ಲ. ಸರೋವರದ ನೀರಿನಲ್ಲಿ ಅಡಗಿ ಕುಳಿತ ದುರ್ಯೋಧನನೂ ಭೀಮನ ಮಾತಿಗೆ ಕುದಿದು ಬೆವರಿದನೆಂದು ಹೇಳಿದವನು ನಮ್ಮ ಮುಧೋಳ ಸೀಮೆಯ ಕವಿ ರನ್ನನೇ ಅಲ್ಲವೆ!

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಬೇಸಿಗೆಯ ಎರಡು ತಿಂಗಳು ಮನೆಯ ದಿನಚರಿಯನ್ನೇ ತಿರುವಿ ಹಾಕಬೇಕು. ಮೈಬಗ್ಗಿಸುವ ಕೆಲಸವೆಲ್ಲ ಬೆಳಗಿನ 5ರಿಂದ 10ರೊಳಗೆ ಮುಗಿಯಲಿ. ಅಡುಗೆಯೂ 9ರೊಳಗೆ ಆಗಿಹೋಗಲಿ. ನಡುಹಗಲಿಗೆ ಬಿಸಿರೊಟ್ಟಿಯೇ ಬೇಕೆಂದು ಹಟ ಹಿಡಿಯುವ ಗಂಡಸರು ಒಮ್ಮೆ ಆ ಹೊತ್ತಿನಲ್ಲಿ ಒಲೆಯ ಮುಂದೆ ಕುಳಿತು ನೋಡಲಿ. ಪೇಟೆ, ಬ್ಯಾಂಕು, ಬೀಗರ ಭೇಟಿ ಸಂಜೆ 5ರ ನಂತರಕ್ಕಿರಲಿ. ನಡುವಿನ ಹೊತ್ತು ಮಾತ್ರ ಮನೆಯವರೆಲ್ಲ ಒಂದೇ ತಂಪಾದ ಕೋಣೆಯಲ್ಲಿ ಸೇರುವ ಹೊತ್ತಾಗಲಿ. ಮೇಲ್ಮುದ್ದೆಯ ಹಳೆಯ ಮಣ್ಣಿನ ಮನೆ ಇದ್ದವರು ಭಾಗ್ಯವಂತರು. ತಗಡು ಅಥವಾ ಕಾಂಕ್ರೀಟಿನ ಮನೆಯವರು ಕಿಟಕಿಗೆ ಹಸಿ ಗೋಣಿತಾಟು ಅಥವಾ ಲಾವಂಚದ ತಟ್ಟಿ ಕಟ್ಟಿ, ಗಾಳಿಯಾಡಲು ಎದುರಿನ ಬಾಗಿಲನ್ನು ತೆರೆದಿಡಬೇಕು.

ಒಂದೇ ಕೋಣೆಯಲ್ಲಿ ಸೇರಿ ಏನು ಮಾಡುವುದು? ನಮ್ಮ ಹಿರಿಯರು ಈ ಪ್ರಶ್ನೆಯನ್ನು ಕೇಳಿದವರೇ ಅಲ್ಲ. ಬೆಳಗಿನ ಎಳೆಬಿಸಿಲಿನಲ್ಲಿ ಮಾಳಿಗೆಯ ಮೇಲೆ ಶಾವಿಗೆ ಹೊಸೆದು, ಹಪ್ಪಳ, ಸಂಡಿಗೆ, ಕುರಡಿಗೆ ಹಾಕಿ ಇಳಿದುಬಂದವರು ಮಧ್ಯಾಹ್ನ ಕೌದಿ ಹಿಡಿದು ಕೂಡುತ್ತಿದ್ದರು. ಕೌದಿ ಹೊಲಿಯುವುದು ಒಬ್ಬರ ಕೆಲಸವಲ್ಲ. ನಾಲ್ಕು ಮೂಲೆಗೆ ನಾಲ್ಕು ಜನ ಕೂಡಬೇಕು, ಕೈ ನಡೆಯುತ್ತಿರಬೇಕು, ಬಾಯಿಯೂ ನಡೆಯುತ್ತಿರಬೇಕು. ಮೈ ದಣಿಯದೆ ಮನಸ್ಸು ತೊಡಗಿಕೊಳ್ಳುವ ಇಂತಹ ಕೆಲಸವೇ ಗ್ರೀಷ್ಮದ ನಡುಹಗಲಿಗೆ ಹೇಳಿ ಮಾಡಿಸಿದ ಕಾಯಕ. ಉಪ್ಪಿನಕಾಯಿಗೆ ಮಾವು ಹೆಚ್ಚುವುದು, ಹುಣಸೆಹಣ್ಣು ಬಿಡಿಸುವುದು, ಬೀಜದ ಕಾಳು ಆರಿಸುವುದು ಎಲ್ಲವೂ ಈ ಜಾತಿಯವೇ. ಗಂಡುಮಕ್ಕಳು ಇವುಗಳಿಂದ ದೂರ ಉಳಿಯಬೇಕೆಂದು ಯಾವ ಶರಣರೂ ಹೇಳಿಲ್ಲ. ಕೆಲಸ ಬೇಸರವಾದರೆ ಚೌಕಾಬಾರ, ಪಗಡೆ, ಹುಲಿ-ಕುರಿ ಆಟಗಳಿವೆ. ಸೀಮೆಸುಣ್ಣದ ಗೆರೆ ಎಳೆದು ನಾಲ್ಕು ಹುಣಸೆಬೀಜ ಹಿಡಿದರೆ ಸಾಕು, ಅಜ್ಜಿಯೂ ಮೊಮ್ಮಗನೂ ಸಮಬಲರು.

ಕಥೆಗಳಿಗೂ ನಮ್ಮಲ್ಲಿ ಕೊರತೆಯಿಲ್ಲ. ಬೇಸಿಗೆಯಲ್ಲಿ ಕೃಷ್ಣೆ ಬತ್ತುತ್ತಿದ್ದ ಕಾಲದಲ್ಲಿ ಜಮಖಂಡಿ ಭಾಗದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ತಾವೇ ದುಡಿದು 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ 'ಶ್ರಮಬಿಂದು ಸಾಗರ'ವೆಂದೇ ಹೆಸರಾಯಿತು. ಅಂದು ಕಲ್ಲು ಹೊತ್ತ ಮೂವತ್ತರ ತರುಣರು ಇಂದು ಅರವತ್ತು ದಾಟಿದ ಅಜ್ಜಂದಿರು. ಆ ಬೇಸಿಗೆಯ ಕಥೆಯನ್ನು ಅವರ ಬಾಯಿಂದಲೇ ಕೇಳಿದ ಮೊಮ್ಮಕ್ಕಳು ಎಷ್ಟು ಜನ? ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರಗಳಲ್ಲಿರುವ ಹಿರಿಯರಲ್ಲಿ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರಿನ ಓಣಿ ಓಣಿಯೂ ಇನ್ನೂ ಜೀವಂತವಾಗಿದೆ. ಕೇಳುವವರಿದ್ದರೆ ಅವರು ಒಂದು ಮಧ್ಯಾಹ್ನವಿಡೀ ಹೇಳಬಲ್ಲರು, ಹೇಳುತ್ತ ಹೇಳುತ್ತ ಎರಡು ಲೋಟ ಪಾನಕವನ್ನೂ ಕುಡಿದುಬಿಡುತ್ತಾರೆ. ಬರಿದೆ ನೀರು ಕುಡಿಯಿರೆಂದರೆ ಕುಡಿಯದವರು ಅವರು.

ನಮ್ಮ ಮುಖ್ಯ ಕಳವಳ ಇರುವುದು ಇಲ್ಲಿಯೇ. ಮಕ್ಕಳು ಬೆಂಗಳೂರು, ಪುಣೆ, ಇಚಲಕರಂಜಿಗಳಿಗೆ ದುಡಿಯಲು ಹೋಗಿ, ನಮ್ಮ ಊರುಗಳಲ್ಲಿ ಒಂಟಿಯಾಗಿ ಉಳಿದ ಮುದುಕ-ಮುದುಕಿಯರ ಸಂಖ್ಯೆ ಬೆಳೆಯುತ್ತಿದೆ. ಕಳೆದ ಕೆಲವು ಬೇಸಿಗೆಗಳಲ್ಲಿ ನಮ್ಮಲ್ಲಿಗೆ ತಲೆಸುತ್ತು, ಸುಸ್ತು, ಮಲಬದ್ಧತೆ ಎಂದು ಬಂದ ವೃದ್ಧರನ್ನು ಏನು ಉಂಡಿರಿ ಎಂದು ಕೇಳಿದರೆ 'ಒಬ್ಬಾಕಿಗೆ ಏನ ಒಲಿ ಹಚ್ಚೂದ್ರೀ, ಚಾ-ಚೂಡಾ ತಗೊಂಡೆ' ಎಂಬ ಉತ್ತರ ಮತ್ತೆ ಮತ್ತೆ ಬಂದಿದೆ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ. ನೀರು ಕುಡಿಯಿರೆಂದು ನೆನಪಿಸುವ ಇನ್ನೊಂದು ಜೀವ ಮನೆಯಲ್ಲಿ ಇಲ್ಲದಿದ್ದರೆ ದೇಹ ಸದ್ದಿಲ್ಲದೆ ಒಣಗುತ್ತದೆ.

ಇದು ನಮ್ಮ ಊರಿನ ಮಾತಷ್ಟೇ ಅಲ್ಲ. 1995ರ ಜುಲೈನಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಬಿಸಿಗಾಳಿಗೆ ಕೆಲವೇ ದಿನಗಳಲ್ಲಿ 700ಕ್ಕೂ ಹೆಚ್ಚು ಜನ ಅಸುನೀಗಿದರು. ಆ ಬಳಿಕ ವೈದ್ಯರು ಮನೆ ಮನೆಗೆ ಹೋಗಿ ವಿಚಾರಿಸಿದಾಗ ಒಂಟಿಯಾಗಿ ವಾಸಿಸುತ್ತಿದ್ದವರಿಗೆ, ದಿನವೂ ಮನೆಯಿಂದ ಹೊರಬೀಳದಿದ್ದವರಿಗೆ ಅಪಾಯ ಹೆಚ್ಚಾಗಿದ್ದುದು ಕಂಡುಬಂದಿತು. ಜನಸಂಪರ್ಕವಿದ್ದವರು ಹೆಚ್ಚು ಸುರಕ್ಷಿತರಾಗಿದ್ದರು. 2003ರ ಆಗಸ್ಟ್‌ನಲ್ಲಿ ಫ್ರಾನ್ಸ್ ದೇಶದಲ್ಲಿ ಸುಮಾರು 15,000 ಜನ ಹೀಗೆಯೇ ತೀರಿಕೊಂಡರು. ಬಹುಪಾಲು ವೃದ್ಧರು. ಅದು ಅಲ್ಲಿ ಕುಟುಂಬಗಳು ರಜೆಗೆಂದು ಊರು ಬಿಡುವ ತಿಂಗಳು. ಆಸ್ಪತ್ರೆ, ಹಣ, ವಿದ್ಯುತ್ತು ಎಲ್ಲವೂ ಇದ್ದ ದೇಶಗಳವು. ಇಲ್ಲದಿದ್ದುದು ಮಧ್ಯಾಹ್ನ ಬಾಗಿಲು ತಟ್ಟುವವರು.

ನಮ್ಮ ಓಣಿಗಳಲ್ಲಿ ಬಾಗಿಲು ತಟ್ಟುವ ಪದ್ಧತಿ ಇನ್ನೂ ಸತ್ತಿಲ್ಲ. ಶಾಲೆಗೆ ರಜೆ ಬಿದ್ದ ಮಕ್ಕಳನ್ನು ಬೆಳಿಗ್ಗೆ 10ರೊಳಗೆ ನೆರೆಯ ಒಂಟಿ ಅಜ್ಜಿಯ ಮನೆಗೆ ಒಂದು ತಂಬಿಗೆ ಮಜ್ಜಿಗೆ ಕೊಟ್ಟು ಕಳುಹಿಸಿ. ಅಥವಾ ಅವರನ್ನೇ ನಿಮ್ಮ ಪಡಸಾಲೆಗೆ ಕರೆತನ್ನಿ, ಮಧ್ಯಾಹ್ನದ ಊಟ ಅಲ್ಲಿಯೇ ಆಗಲಿ. ದಾಸೋಹವೆಂದರೆ ಮಠದ ಪಂಕ್ತಿಯಷ್ಟೇ ಅಲ್ಲವಲ್ಲ. ದೂರದ ಊರಿನಲ್ಲಿರುವ ಮಕ್ಕಳು ರಾತ್ರಿ ಫೋನು ಮಾಡಿ 'ಅರಾಮ ಅದೀರಿ?' ಎನ್ನುವ ಬದಲು ಮಧ್ಯಾಹ್ನ 2ಕ್ಕೆ ಮಾಡಲಿ, ಏನು ಉಂಡಿರಿ, ಎಷ್ಟು ನೀರು ಕುಡಿದಿರಿ, ಮೂತ್ರ ಹಳದಿಯಾಗಿದೆಯೇ ಎಂದು ಕೇಳಲಿ. ಸಂಕೋಚದ ಪ್ರಶ್ನೆಯಾದರೂ ಅದೇ ಉಪಯುಕ್ತವಾದುದು.

ಆಹಾರದ ಬಗೆಗೆ ಹೆಚ್ಚು ಬೆಳೆಸುವುದಿಲ್ಲ. ಜೋಳದ ಅಂಬಲಿ, ನುಚ್ಚು-ಮಜ್ಜಿಗೆ, ಸೌತೆ, ಬೆಲ್ಲದ ಪಾನಕ, ಸೊಗದೆ ಬೇರಿನ ನೀರು ಇವು ಸಾಕು. ಶಾಸ್ತ್ರದಲ್ಲಿ ಉಷ್ಣಕಾಲದಲ್ಲಿ ತಕ್ರ ಸಲ್ಲದೆಂದಿದೆಯಲ್ಲ ಎಂದು ಓದಿದವರೊಬ್ಬರು ನಮ್ಮನ್ನು ಕೇಳಿದ್ದುಂಟು. ಹುಳಿಬಂದ, ಗಟ್ಟಿಯಾದ ಮಜ್ಜಿಗೆಗೆ ಆ ನಿಷೇಧವನ್ನು ಅನ್ವಯಿಸಿ, ಅಂದೇ ಕಡೆದ, ನೀರು ಹೆಚ್ಚಿರುವ, ಜೀರಿಗೆ ಹಾಕಿದ ಸಿಹಿಮಜ್ಜಿಗೆಯನ್ನು ನಾವು ಧಾರಾಳವಾಗಿ ಹೇಳುತ್ತೇವೆ. ಗಟ್ಟಿ ಮೊಸರು ಮಾತ್ರ ಬೇಡ. ಸಕ್ಕರೆ ಕಾಯಿಲೆಯವರಿಗೆ ಪಾನಕವಿಲ್ಲ. ಹೃದಯ, ಮೂತ್ರಪಿಂಡದ ತೊಂದರೆಯಿರುವವರು, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ನೀರಿನ ಪ್ರಮಾಣವನ್ನೂ ಮಾತ್ರೆಯ ಪ್ರಮಾಣವನ್ನೂ ತಮ್ಮ ವೈದ್ಯರಲ್ಲಿ ಕೇಳಿಯೇ ಬದಲಿಸಬೇಕು.

ಇನ್ನು ದುಡಿಯುವವರ ಮಾತು. ಕಬ್ಬಿಗೆ ನೀರು ಹಾಯಿಸಲು ಕರೆಂಟಿಗಾಗಿ ರಾತ್ರಿಯೆಲ್ಲ ಎಚ್ಚರವಿದ್ದ ರೈತ ಮಧ್ಯಾಹ್ನ ಮಲಗಿದರೆ ಸೋಮಾರಿಯೆಂದು ಜರೆಯಬಾರದು. ಉಳಿದ ಋತುಗಳಲ್ಲಿ ಹಗಲುನಿದ್ರೆಯನ್ನು ಬೇಡವೆನ್ನುವ ಚರಕರೇ ರಾತ್ರಿ ಚಿಕ್ಕದಾದ ಗ್ರೀಷ್ಮದಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಬೊಜ್ಜಿನವರಿಗೆ, ಕಫಪ್ರಕೃತಿಯವರಿಗೆ ಮಾತ್ರ ಇಲ್ಲ. ರಬಕವಿ-ಬನಹಟ್ಟಿಯ ನೇಕಾರರ ಪಾಡು ಇದಕ್ಕಿಂತ ಕಠಿಣ. ಮಣ್ಣಿನ ಮನೆಯೊಳಗೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ ತಂದೆಗೆ ನೆಲದ ತಂಪಾದರೂ ದೊರೆಯುತ್ತಿತ್ತು. ತಗಡಿನ ಮಾಡಿನ ಕೆಳಗೆ ವಿದ್ಯುತ್ ಮಗ್ಗ ನೋಡಿಕೊಳ್ಳುವ ಮಗನಿಗೆ ಅದೂ ಇಲ್ಲ. ಮಗ್ಗದ ಮಾಲೀಕರಲ್ಲಿ ಮಠದ ಭಕ್ತರು ಬಹಳ ಜನರಿದ್ದಾರೆ. ಅವರು ಏಪ್ರಿಲ್-ಮೇ ಮಟ್ಟಿಗಾದರೂ ಪಾಳಿಯನ್ನು ನಸುಕಿಗೂ ಸಂಜೆಗೂ ಸರಿಸಿ, ತಗಡಿಗೆ ಸುಣ್ಣ ಬಳಿಸಿ, ಶೆಡ್ಡಿನೊಳಗೆ ಕುಡಿಯುವ ನೀರಿನ ಗಡಿಗೆ ಇರಿಸಬೇಕೆಂದು ಈ ಪುಟದ ಮೂಲಕ ವಿನಂತಿಸುತ್ತೇವೆ.

ಮದುವೆಗಳ ವಿಚಾರದಲ್ಲಿಯೂ ನಾವು ನಿಷ್ಠುರವಾಗಿಯೇ ಹೇಳಬೇಕಾಗಿದೆ. ವೈಶಾಖದ ನಡುಹಗಲು 12.30ಕ್ಕೆ ಅಕ್ಷತೆಯಿಟ್ಟು, ಸಾವಿರ ಜನರನ್ನು ತಗಡಿನ ಮಂಟಪದಲ್ಲಿ ಕೂಡಿಸಿ, 3 ಗಂಟೆಗೆ ಎಣ್ಣೆಯ ಪದಾರ್ಥ ಉಣಬಡಿಸುವುದು ಸಂಭ್ರಮವೋ ಶಿಕ್ಷೆಯೋ ತಿಳಿಯದು. ಹಸುಗೂಸುಗಳೂ ಎಂಬತ್ತರ ಅಜ್ಜಂದಿರೂ ಅಲ್ಲಿಯೇ ಇರುತ್ತಾರೆ. ಕಲ್ಯಾಣಕ್ಕೆ ಬೆಳಗಿನ 8 ಗಂಟೆಯೂ ಶುಭವೇ, ಸಂಜೆಯ 6 ಗಂಟೆಯೂ ಶುಭವೇ. ಸಾಮೂಹಿಕ ವಿವಾಹಗಳನ್ನು ಏರ್ಪಡಿಸುವ ಹಿರಿಯರು ಮುಂದಾಗಿ ವೇಳೆ ಬದಲಿಸಿದರೆ ಉಳಿದವರು ತಾವಾಗಿ ಅನುಸರಿಸುತ್ತಾರೆ. ಸಂಜೆಯ ತಂಪಿನಲ್ಲಿ ಅಂಗಳದ ಭಜನೆ, ಶ್ರೀಕೃಷ್ಣ ಪಾರಿಜಾತದ ಆಟ ನೋಡುತ್ತ ಬೇಸಿಗೆ ಕಳೆದ ಸೀಮೆ ನಮ್ಮದು. ರಾತ್ರಿಯ ತಂಪನ್ನು ಬಳಸುವುದು ನಮಗೆ ಹೊಸತೇನಲ್ಲ.

ಇಷ್ಟೆಲ್ಲ ಎಚ್ಚರವಿದ್ದೂ ಯಾರಿಗಾದರೂ ಬಿಸಿಲಿಗೆ ಸುಸ್ತು, ಸ್ನಾಯುಸೆಳೆತ, ವಾಕರಿಕೆ ಬಂದರೆ ನೆರಳಿಗೆ ಕರೆತಂದು, ಬಟ್ಟೆ ಸಡಿಲಿಸಿ, 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು. ಆದರೆ ಮೈ ಕೆಂಡದಂತೆ ಸುಡುತ್ತ, ಮಾತು ತೊದಲುತ್ತ, ಗುರುತು ಹಿಡಿಯದಂತಾದರೆ ಅದು ಬಿಸಿಲಾಘಾತ. ಆಗ ಮನೆಮದ್ದೂ ಬೇಡ, ನಮ್ಮ ಕಷಾಯವೂ ಬೇಡ, ಬಾಯಿಗೆ ಏನನ್ನೂ ಹಾಕಬಾರದು. 108ಕ್ಕೆ ಕರೆಮಾಡಿ, ವಾಹನ ಬರುವವರೆಗೂ ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಬೀಸುತ್ತಲೇ ಇರಬೇಕು. ಕೊರಳು, ಕಂಕುಳು, ತೊಡೆಸಂದಿಗಳಲ್ಲಿ ಹಸಿಬಟ್ಟೆಯಿಡಬೇಕು. ಒಬ್ಬರು ನೀರು ಸುರಿಯಲು, ಒಬ್ಬರು ಬೀಸಲು, ಒಬ್ಬರು ಫೋನು ಮಾಡಲು, ಕಡಿಮೆಯೆಂದರೂ ಮೂವರು ಬೇಕಾಗುತ್ತದೆ.