ಬಾಣಂತಿಯ ಮನಸ್ಸು

'ಬಾಣಂತಿ ಸನ್ನಿ' ಎಂಬ ಮಾತು ನಮ್ಮ ಸೀಮೆಯ ಹಿರಿಯ ತಾಯಂದಿರಿಗೆ ಹೊಸತಲ್ಲ. ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ರೆಗೆಟ್ಟು, ಮಾತು ತಪ್ಪಿ, ಹೆತ್ತ ಕೂಸನ್ನೇ ತನ್ನದಲ್ಲವೆಂದ ಸೊಸೆಯೊಬ್ಬಳ ಸಂಗತಿಯನ್ನು ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಅಜ್ಜಿಯರು ಇಂದಿಗೂ ದನಿ ತಗ್ಗಿಸಿ ಹೇಳುವರು. ನಂಜೇರಿತೆಂದೋ ಗಾಳಿ ಸೋಕಿತೆಂದೋ ಬಗೆದು ತಾಯಿತ ಕಟ್ಟಿಸಿದ್ದೂ ಆ ಕಥೆಯಲ್ಲಿ ಇರುತ್ತದೆ. ರೋಗವೊಂದಿದೆ ಎಂಬುದನ್ನು ಹಿರಿಯರು ಗುರುತಿಸಿ ಹೆಸರಿಟ್ಟಿದ್ದರು. ಅದಕ್ಕೆ ತಕ್ಕ ಔಷಧವಷ್ಟೇ ಅವರ ಕೈಗೆ ಎಟುಕಿರಲಿಲ್ಲ. ಇಂದು ಔಷಧವಿದೆ. ಆದರೂ ತಾಯಿತವೇ ಮೊದಲಾಗುತ್ತಿರುವುದು ವಿಷಾದದ ಸಂಗತಿ.

ಈ ಸನ್ನಿಯು ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಕಾಣಿಸಿಕೊಳ್ಳುವುದು. ಬಹುಪಾಲು ಮೊದಲ ಎರಡು ವಾರಗಳಲ್ಲಿಯೇ. ಇದು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ. ತಾಯಿಯನ್ನೂ ಮಗುವನ್ನೂ ಒಂದು ಕ್ಷಣವೂ ಒಂಟಿಯಾಗಿ ಬಿಡಲಾಗದು. ಇನ್ನೊಂದು, ಹೆರಿಗೆಯಾದ ಮೂರು ನಾಲ್ಕನೆಯ ದಿನ ಸುಮ್ಮನೆ ಕಣ್ಣು ತುಂಬಿಬರುವುದು. ಅದು ಅನೇಕರಿಗೆ ಆಗುತ್ತದೆ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಇವೆರಡರ ನಡುವಿನದೇ ಹೆಚ್ಚು ಮೋಸದ್ದು. ವಾರಗಟ್ಟಲೆ ಯಾವುದರಲ್ಲಿಯೂ ಆಸೆಯಿಲ್ಲ, ಮಗು ಮಲಗಿದರೂ ತಾಯಿಗೆ ನಿದ್ರೆಯಿಲ್ಲ, ತಾನು ಕೆಟ್ಟ ತಾಯಿ ಎಂಬ ಕೊರಗು, ಕೆಲವೊಮ್ಮೆ ಬದುಕೇ ಬೇಡವೆಂಬ ಯೋಚನೆ. ಇದನ್ನು ವೈದ್ಯರು ಖಿನ್ನತೆ ಎನ್ನುವರು. ಭಾರತದಲ್ಲಿ ನಡೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದಂತೆ ನೂರು ಬಾಣಂತಿಯರಲ್ಲಿ ಸುಮಾರು 22 ಮಂದಿಗೆ ಇದು ಬರುತ್ತದೆ. ಬಸುರಿನಲ್ಲಿಯೇ ಮೊದಲಾಗುವುದೂ ಉಂಟು. ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡಗಳನ್ನು ಬರೆಸುವ ನಾವು, 'ಅವ್ವಾ, ರಾತ್ರಿ ನಿದ್ರೆ ಬಂತೇ, ಮನಸ್ಸು ಹೇಗಿದೆ?' ಎಂದು ಕೇಳುವುದು ಅಪರೂಪ.

ನಮ್ಮ ಬಾಣಂತನದ ಪದ್ಧತಿಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ತವರಿನ ಆಸರೆ, ಎಣ್ಣೆನೀರು, ಬೇರೆಯವರು ಬಡಿಸಿದ ಬಿಸಿಯೂಟ, ದುಡಿಮೆಯಿಂದ ಬಿಡುವು: ಇವು ಮನಸ್ಸಿಗೂ ಮದ್ದೇ. ಆದರೆ ಕತ್ತಲ ಕೋಣೆಯಲ್ಲಿ ಕೂಡಿಹಾಕಿ, ಕುಡಿಯುವ ನೀರಿಗೂ ಮಿತಿ ಹೇರಿ, ಬಂದುಹೋಗುವವರೆಲ್ಲ 'ಮತ್ತೆ ಹೆಣ್ಣೇ?' ಎಂದು ನಿಟ್ಟುಸಿರಿಟ್ಟರೆ ಆ ಬಾಣಂತನದಿಂದ ಏನು ಸುಖ? ಗೋವೆಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ತೋರಿಸಿದೆ. ಗಂಡು ಬಯಸಿದ ಮನೆಯಲ್ಲಿ ಹೆಣ್ಣು ಹುಟ್ಟಿದಾಗಲೂ, ಗಂಡನು ಕೈಮಾಡುವ ಮನೆಯಲ್ಲಿಯೂ ತಾಯಿಯ ಖಿನ್ನತೆ ಹೆಚ್ಚು. ಅಂದರೆ ಈ ರೋಗದ ಒಂದು ಬೇರು ನಮ್ಮ ನಡುಮನೆಯಲ್ಲಿಯೇ ಇದೆ. ನೆಂಟರ ನಾಲಿಗೆಗೆ ಯಾವ ವೈದ್ಯರೂ ಮಾತ್ರೆ ಬರೆದುಕೊಡಲಾರರು.

ಇಲ್ಲಿ ನಮ್ಮ ಧರ್ಮದ ಮಾತು ಬರುತ್ತದೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದರು. ಹೆತ್ತವಳು ಮೈಲಿಗೆಯಲ್ಲ; ಆಕೆಯ ಕೊರಳಿನ ಲಿಂಗವು ಹೆರಿಗೆಯ ದಿನವೂ ಆಕೆಯೊಡನೆಯೇ ಇರುವುದು. ನಮ್ಮ ಜಿಲ್ಲೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತಿಯನ್ನು ಹಟ್ಟಿಯಾಚೆಯ ಗುಡಿಸಲಿನಲ್ಲಿರಿಸುವ ರೂಢಿಯನ್ನು ಪತ್ರಿಕೆಗಳಲ್ಲಿ ಓದಿ ನಾವು ಮರುಗುತ್ತೇವೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹೀಗೆ ಮಳೆಯಲ್ಲಿದ್ದ ಹಸುಗೂಸು ತೀರಿಕೊಂಡ ಸುದ್ದಿಗೆ ನಾಡೇ ತಲ್ಲಣಿಸಿತು. ಮರುಗುವುದು ಸರಿಯೇ. ಆದರೆ 'ಬಾಣಂತಿಯನ್ನು ಮುಟ್ಟಬೇಡ' ಎಂಬ ಮಾತು ಕೊರಳಲ್ಲಿ ಲಿಂಗವಿರುವ ನಮ್ಮ ಮನೆಗಳಿಂದ ಪೂರ್ತಿ ಹೋಗಿದೆಯೇ? ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಒಳಗೋಣೆಯನ್ನು ನೋಡಿ ಉತ್ತರಿಸಿಕೊಳ್ಳಲಿ.

ಚಿಕಿತ್ಸೆಗೆ ಬೆಂಗಳೂರಿಗೇ ಓಡಬೇಕೆಂದೇನಿಲ್ಲ. ಮೊಳಕಾಲ್ಮೂರಿನ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿಯೇ 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯವರು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಮನೋರೋಗಕ್ಕೆ ಔಷಧ ಕೊಡಬಲ್ಲರೆಂದು ತೋರಿಸಿದರು. ಆ ಮಾದರಿಯೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ಇತರ ಜಿಲ್ಲೆಗಳಿಗೆ ಹಬ್ಬಿತು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರನ್ನು ಕರೆತರಲೆಂದು ರಾಜ್ಯ ಸರ್ಕಾರವು 'ಮನೋಚೈತನ್ಯ' ಕಾರ್ಯಕ್ರಮವನ್ನು ರೂಪಿಸಿತು. ನಿಮ್ಮ ಆಸ್ಪತ್ರೆಯಲ್ಲಿ ವೈದ್ಯರು ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಿರಿ. ರೋಗ ಉಲ್ಬಣಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ಪ್ರತ್ಯೇಕ ವಿಭಾಗವು 2009ರಿಂದ ಇದೆ. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳಿದೆ.

ಅನೇಕ ಅತ್ತೆಯಂದಿರ ಭಯವೊಂದಿದೆ: ಮಾತ್ರೆ ನುಂಗಿದರೆ ಹಾಲು ವಿಷವಾದೀತೆಂದು. ಎದೆಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳಿವೆ. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ನಿಶ್ಚಯಿಸಬೇಕು. ಮನೆಯವರು ತಾವಾಗಿ ಕೊಡುವುದೂ ತಪ್ಪು, ನಡುವೆ ನಿಲ್ಲಿಸುವುದೂ ತಪ್ಪು.

ಆಸ್ಪತ್ರೆಯ ಮೆಟ್ಟಿಲೇರಲು ಸಂಕೋಚಪಡುವ ಮನೆಗಳಿಗೆ 'ಟೆಲಿ ಮಾನಸ್' ಎಂಬ ದೂರವಾಣಿ ಸೇವೆಯಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಇದರ ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು, ಖರ್ಚಿಲ್ಲ. ಬಾಣಂತಿಯೇ ಕರೆ ಮಾಡಬೇಕೆಂದಿಲ್ಲ. ಗಂಡನಾಗಲಿ ಅತ್ತೆಯಾಗಲಿ ಮಾಡಬಹುದು.