ಪಿತ್ತಕೋಶಕ್ಕೆ ಕೊಟ್ಟ ಅಂಕ ಎಷ್ಟು ಗಟ್ಟಿ?

ಅಹಮದಾಬಾದಿನ ಪಶ್ಚಿಮ ಅಂಚಿನ ಬೋಪಾಲ್‌ನಲ್ಲಿ ಇಸ್ರೊದ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ಒಂದು ಆವರಣವಿದೆ. ಉಪಗ್ರಹ ಚಿತ್ರದಲ್ಲಿ ಹತ್ತಿ ಎಂದು ಗುರುತಿಸಿದ್ದು ನಿಜಕ್ಕೂ ಹತ್ತಿಯೋ ಹರಳೋ ಎಂದು ಹೊಲಕ್ಕೇ ಇಳಿದು ನೋಡಿ ಬರುವುದು ಆ ಕಸುಬಿನ ಶಿಸ್ತು. ಬೋಪಾಲ್ ಇರಲಿ, ಬೆಂಗಳೂರಿನ ಯಾವುದೋ ಬಡಾವಣೆ ಇರಲಿ, ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ನಮ್ಮ ಹೊಟ್ಟೆಯ ಚಿತ್ರ ಓದುವಾಗ ಈ ಶಿಸ್ತು ಎಷ್ಟಿದೆ?

ಪಿತ್ತಕೋಶದ ಗೋಡೆ ದಪ್ಪವಾಗಿದೆ ಎಂದು ರಿಪೋರ್ಟ್ ಬಂದರೆ ಕ್ಯಾನ್ಸರ್ ಇರಬಹುದೇ ಎಂದು ಮನೆಯವರ ಎದೆ ಧಸಕ್ಕೆನ್ನುತ್ತದೆ. 3 ಮಿ.ಮೀ. ದಾಟಿದರೆ ದಪ್ಪ. ಆದರೆ ಕಲ್ಲಿನ ಉರಿಯೂತಕ್ಕೂ ಅದು ದಪ್ಪವಾಗುತ್ತದೆ, ಡೆಂಗಿಗೂ, ಲಿವರ್ ಕಾಯಿಲೆಗೂ. ಬೆಳಿಗ್ಗೆ ಎರಡು ಇಡ್ಲಿ ತಿಂದು ಹೋಗಿದ್ದರೂ ಸಾಕು, ಪಿತ್ತಕೋಶ ಕುಗ್ಗಿ ಗೋಡೆ ದಪ್ಪ ಕಾಣುತ್ತದೆ. ಈ ಗೊಂದಲ ತಗ್ಗಿಸಲು ಚಂಡೀಗಢದ ಪಿಜಿಐ ವೈದ್ಯರ ಮುಂದಾಳತ್ವದಲ್ಲಿ ಹಲವು ದೇಶಗಳ ತಜ್ಞರು ‘ಜಿಬಿ–ರಾಡ್ಸ್’ ಎಂಬ ಅಂಕಪದ್ಧತಿ ರೂಪಿಸಿದರು. ಗೋಡೆಯ ಪದರಗಳು ಉಳಿದಿವೆಯೇ, ದಪ್ಪ ಸುತ್ತಲೂ ಇದೆಯೇ ಒಂದೇ ಕಡೆಯೇ, ಲಿವರ್‌ ಜೊತೆಗಿನ ಗಡಿ ಸ್ಪಷ್ಟವೇ ಎಂದು ನೋಡಿ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. 0 ಎಂದರೆ ಸರಿಯಾಗಿ ಕಾಣಲಿಲ್ಲ ಎಂದು. ಅಲ್ಲಿಂದ ಮೇಲಕ್ಕೆ ಹೋದಂತೆ ಕ್ಯಾನ್ಸರ್‌ನ ಅನುಮಾನ ಹೆಚ್ಚು.

ಒಳ್ಳೆಯ ಕೆಲಸವೇ. ಆದರೆ ‘ಪದರ ಮಸುಕಾಗಿದೆ’ ಎನ್ನುವುದು ಕಣ್ಣಿನ ತೀರ್ಪು, ಟೇಪು ಹಿಡಿದು ಅಳೆದದ್ದಲ್ಲ; ಇಬ್ಬರು ವೈದ್ಯರ ತೀರ್ಪು ಹೊಂದುತ್ತದೆಯೇ ಎಂದು ನೋಡಲೇಬೇಕು. ನೂರು ಜನರಲ್ಲಿ ತೊಂಬತ್ತು ಮಂದಿಗೆ ‘ಏನಿಲ್ಲ’ ಎಂದು ಇಬ್ಬರು ವೈದ್ಯರು ಕಣ್ಣುಮುಚ್ಚಿ ಬರೆದರೂ 82 ಕಡೆ ಅವರ ಮಾತು ತಾನಾಗಿ ಹೊಂದುತ್ತದೆ. ಹಾಗಾಗಿ ‘ಶೇ 88ರಷ್ಟು ಸಹಮತ’ ಎಂದು ಯಾರಾದರೂ ಹೇಳಿದರೆ ನಾನು ಚಪ್ಪಾಳೆ ತಟ್ಟುವುದಿಲ್ಲ. ಈ ಆಕಸ್ಮಿಕವನ್ನು ಕಳೆದು ನೋಡುವ ‘ಕಪ್ಪಾ’ ಎಂಬ ಅಳತೆಯನ್ನು ಜೇಕಬ್ ಕೊಹೆನ್ 1960ರಲ್ಲೇ ಕೊಟ್ಟರು. ಅದರಂತೆ ಆ 88 ಇಳಿದು ನಿಲ್ಲುವುದು 0.33ಕ್ಕೆ. ಉಪಗ್ರಹ ಚಿತ್ರ ಓದುವವರೂ ಬಳಸುವ ಅಳತೆಯೇ ಇದು.

ಇನ್ನೊಂದು ತೊಡಕು ಊರಿನದು. ಪಿತ್ತಕೋಶದ ಕ್ಯಾನ್ಸರ್ ಗಂಗಾ ಬಯಲಿನಲ್ಲಿ, ಅಸ್ಸಾಮಿನಲ್ಲಿ ಹೆಚ್ಚು. ಗುಜರಾತ್, ಕರ್ನಾಟಕಗಳಲ್ಲಿ ಕಡಿಮೆ. ಕಾಯಿಲೆ ಇದ್ದ ನೂರರಲ್ಲಿ ತೊಂಬತ್ತನ್ನು ಹಿಡಿಯುವ, ಇಲ್ಲದ ನೂರರಲ್ಲಿ ತೊಂಬತ್ತಕ್ಕೆ ‘ಇಲ್ಲ’ ಎನ್ನುವ ಪರೀಕ್ಷೆಯೊಂದಿದೆ ಎನ್ನಿ. ಐವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇರುವ ದೊಡ್ಡಾಸ್ಪತ್ರೆಯಲ್ಲಿ ಅದು ‘ಇದೆ’ ಎಂದ ನೂರರಲ್ಲಿ 69 ನಿಜ. ನೂರರಲ್ಲಿ ಒಬ್ಬರಿಗೆ ಇರುವ ಬಡಾವಣೆಯ ಕ್ಲಿನಿಕ್‌ನಲ್ಲಿ ನಿಜವಾಗುವುದು ಬರೀ 8. ಯಂತ್ರವೂ ಅದೇ, ವೈದ್ಯರೂ ಅವರೇ!

ಅಹಮದಾಬಾದಿನ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಾಗಲಿ ನಮ್ಮ ಕಿದ್ವಾಯಿಯಾಗಲಿ ಮಾಡಬಹುದಾದ ಕೆಲಸ ಇಲ್ಲಿದೆ. ಒಂದೇ ಚಿತ್ರವನ್ನು ಇಬ್ಬರಿಂದ ಬೇರೆ ಬೇರೆಯಾಗಿ ಓದಿಸಿ, ಆಪರೇಷನ್ ಆದಮೇಲೆ ಪೆಥಾಲಜಿ ವರದಿಯೊಂದಿಗೆ ತಾಳೆ ನೋಡಬೇಕು. ಹೊಲಕ್ಕಿಳಿಯುವುದೆಂದರೆ ಇದೇ. ಅಲ್ಲಿಯವರೆಗೆ ನಿಮ್ಮ ರಿಪೋರ್ಟಿನಲ್ಲಿ ಜಿಬಿ–ರಾಡ್ಸ್ ಅಂಕ ‘3’ ಎಂದು ಬಂದರೆ ಎದೆಗುಂದಬೇಡಿ, ಉಡಾಫೆಯನ್ನೂ ಮಾಡಬೇಡಿ. ಹಳೆಯ ಸ್ಕ್ಯಾನ್ ಹಿಡಿದು, ಖಾಲಿ ಹೊಟ್ಟೆಯಲ್ಲಿ, ಇನ್ನೊಬ್ಬ ರೇಡಿಯಾಲಜಿಸ್ಟ್ ಬಳಿ ಹೋಗಿ.